ಕೇಳಿದ್ದು ಹೇಳಿದ್ದು: ನಾಲ್ಕು ನಾಣ್ಯ ಎತ್ತುವ ಎಂಜಿನ್ನು

ಕಳೆದ ಸಂಚಿಕೆಯಲ್ಲಿ ಇಸ್ರೋದ ಪ್ಲಾಸ್ಮಾ ಥ್ರಸ್ಟರ್, ಅಂದರೆ ಉಪಗ್ರಹವನ್ನು ಕರೆಂಟಿನಿಂದ ತಳ್ಳುವ ಎಂಜಿನ್ನಿನ ಬಗ್ಗೆ ಒಂದು ಸಣ್ಣ ಪ್ಯಾರಾ ಬರೆದಿದ್ದೆ. 2025ರ ಮಾರ್ಚಿನಲ್ಲಿ ಅದು 1,000 ಗಂಟೆಗಳ ಬಾಳಿಕೆ ಪರೀಕ್ಷೆ ಮುಗಿಸಿದ ಸುದ್ದಿ ಅದು. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ದಾವಣಗೆರೆ, ಹರಿಹರ, ಚಳ್ಳಕೆರೆ, ಹಿರಿಯೂರು, ಹೊಸದುರ್ಗ, ಎಲ್ಲ ಕಡೆಯಿಂದಲೂ ಬಂದಿವೆ. ಹಾಗಾಗಿ ಈ ತಿಂಗಳು ಪೂರ್ತಿ ಅದೇ ವಿಷಯ. ಬೆಣ್ಣೆ ದೋಸೆಗೆ ಕಾವಲಿ ಎಷ್ಟು ಕಾದಿರಬೇಕು ಅಂತ ಕೇಳಿದ ದಾವಣಗೆರೆಯ ಮೂವರು ಮುಂದಿನ ತಿಂಗಳವರೆಗೆ ತಾಳ್ಮೆ ತಂದುಕೊಳ್ಳಬೇಕು.

ಇಷ್ಟೊಂದು ಕರೆಂಟು ತಿನ್ನುತ್ತದೆ ಅಂತ ಬರೆದಿದ್ದೀರಿ. ಹಾಗಾದರೆ ಅದು ಎಷ್ಟು ಜೋರಾಗಿ ತಳ್ಳುತ್ತದೆ? ನಮ್ಮ ಬೋರ್‌ವೆಲ್ ಮೋಟರ್‌ಗಿಂತ ಜಾಸ್ತಿನಾ?
(ರೈತರೊಬ್ಬರು, ಹಿರಿಯೂರು ತಾಲ್ಲೂಕು)

ಮೋಟರ್ ಜೊತೆ ಹೋಲಿಸಿದ್ದು ಒಳ್ಳೆಯದೇ ಆಯಿತು ಯಜಮಾನರೇ. ಆ ಥ್ರಸ್ಟರ್ ಎಳೆಯುವುದು 5.4 ಕಿಲೋವ್ಯಾಟ್. ನಿಮ್ಮ ಹೊಲದಲ್ಲಿ ಏಳೂವರೆ ಎಚ್‌ಪಿ ಮೋಟರ್ ಇದ್ದರೆ ಹೆಚ್ಚುಕಡಿಮೆ ಅಷ್ಟೇ ಕರೆಂಟು. ನಿಮ್ಮ ಮೋಟರ್ ನೂರಾರು ಅಡಿ ಆಳದಿಂದ ನೀರು ಎತ್ತುತ್ತದೆ. ಇದು ಎತ್ತುವುದು ಮೂವತ್ತು ಗ್ರಾಂ! ಹತ್ತು ರೂಪಾಯಿಯ ನಾಣ್ಯ ಸುಮಾರು 7.7 ಗ್ರಾಂ ತೂಗುತ್ತದೆ. ನಾಲ್ಕು ನಾಣ್ಯ ಅಂಗೈ ಮೇಲೆ ಇಟ್ಟುಕೊಳ್ಳಿ, ಅಂಗೈಗೆ ಎಷ್ಟು ಭಾರ ಅನ್ನಿಸುತ್ತದೋ ಅಷ್ಟೇ ಬಲ.

ನಗಬೇಡಿ. ಬಾಹ್ಯಾಕಾಶದಲ್ಲಿ ತಡೆಯುವುದಕ್ಕೆ ಗಾಳಿ ಇಲ್ಲ, ನೆಲ ಇಲ್ಲ. ನಾಲ್ಕು ನಾಣ್ಯದ ಬಲವನ್ನೇ ತಿಂಗಳುಗಟ್ಟಲೆ ಬಿಡದೆ ಕೊಟ್ಟರೆ ಟನ್‌ಗಟ್ಟಲೆ ತೂಕದ ಉಪಗ್ರಹವೂ ಕಕ್ಷೆ ಬದಲಿಸುತ್ತದೆ. ಅಸಲಿ ಲಾಭ ಇರುವುದು ಇಂಧನದಲ್ಲಿ. ಮಾಮೂಲಿ ಎಂಜಿನ್ನು ಇಂಧನ ಸುಟ್ಟು ಬಿಸಿ ಅನಿಲವನ್ನು ಸೆಕೆಂಡಿಗೆ ಮೂರು ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಎಸೆಯುತ್ತದೆ. ಪ್ಲಾಸ್ಮಾ ಥ್ರಸ್ಟರ್‌ನಿಂದ ಹೊರಡುವ ಅಯಾನುಗಳ (ಚಾರ್ಜು ಇರುವ ಪರಮಾಣುಗಳ) ವೇಗ ಸೆಕೆಂಡಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಮೂರು ಸೆಕೆಂಡು. ಎಸೆಯುವ ವೇಗ ಜಾಸ್ತಿ ಆದಷ್ಟೂ ಎಸೆಯಬೇಕಾದ ಸಾಮಾನು ಕಡಿಮೆ ಸಾಕು, ಇಷ್ಟೇ ಲೆಕ್ಕ. ಎತ್ತರದ ಕಕ್ಷೆಗೆ ಹೋಗುವ ಸಂಪರ್ಕ ಉಪಗ್ರಹಗಳಲ್ಲಿ ಎಷ್ಟೋ ಸಲ ಅರ್ಧ ತೂಕ ಬರೀ ಇಂಧನದ್ದೇ ಇರುತ್ತದೆ. ಅದರಲ್ಲಿ ದೊಡ್ಡ ಪಾಲು ಉಳಿಯುತ್ತದೆ ಅಂದರೆ ಯಾರಿಗೆ ಬೇಡ ಹೇಳಿ?

ಒಳಗಿನ ಕೆಲಸವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ಉತ್ತರಗಳಿಗೆಲ್ಲ ಅದು ಬೇಕು. ಬಳೆಯ ಆಕಾರದ ಒಂದು ಕಾಲುವೆ. ಅದರ ಹಿಂದಿನ ಗೋಡೆಯಿಂದ ಕ್ಸೆನಾನ್ ಅನಿಲ ಒಳಗೆ ಬರುತ್ತದೆ, ಆ ಗೋಡೆಗೇ ಮುನ್ನೂರು ವೋಲ್ಟಿನ ಧನ ತುದಿ ಕೊಟ್ಟಿರುತ್ತಾರೆ. ಹೊರಗೆ ಬಾಯಿಯ ಹತ್ತಿರ ಎಲೆಕ್ಟ್ರಾನ್ ಉಗುಳುವ ಕ್ಯಾಥೋಡ್ ಇರುತ್ತದೆ. ಎಲೆಕ್ಟ್ರಾನ್‌ಗಳು ಧನ ತುದಿಯ ಕಡೆ ಓಡಬೇಕು, ಆದರೆ ಬಾಯಿಯಲ್ಲಿ ಅಡ್ಡಲಾಗಿ ಕಾಂತಕ್ಷೇತ್ರ ಇದೆ. ಅದರಲ್ಲಿ ಸಿಕ್ಕಿಬಿದ್ದು ಗಾಣದ ಎತ್ತಿನ ಹಾಗೆ ಬಳೆಯ ಸುತ್ತ ಸುತ್ತುತ್ತಲೇ ಇರುತ್ತವೆ. ಹೀಗೆ ಸುತ್ತುವಾಗ ಕ್ಸೆನಾನ್ ಪರಮಾಣುಗಳಿಗೆ ಡಿಕ್ಕಿ ಹೊಡೆದು ಅವುಗಳಿಂದ ಒಂದು ಎಲೆಕ್ಟ್ರಾನ್ ಕಿತ್ತುಹಾಕುತ್ತವೆ. ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವೇ ಅಯಾನು; ಅಯಾನು, ಎಲೆಕ್ಟ್ರಾನ್ ಬೆರೆತ ಅನಿಲವೇ ಪ್ಲಾಸ್ಮಾ. ಅಯಾನು ಎಲೆಕ್ಟ್ರಾನಿಗಿಂತ ಎರಡು ಲಕ್ಷದ ನಲವತ್ತು ಸಾವಿರ ಪಟ್ಟು ಭಾರ, ಆ ಕಾಂತಕ್ಷೇತ್ರಕ್ಕೆ ಅದು ಸೊಪ್ಪು ಹಾಕುವುದಿಲ್ಲ. ವೋಲ್ಟೇಜು ತಳ್ಳಿದ ಕಡೆ ನೇರ ಹೊರಗೆ ಹಾರುತ್ತದೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಕೊಂಡ ಪರಿಣಾಮದಿಂದ ಇದಕ್ಕೆ ಹಾಲ್ ಥ್ರಸ್ಟರ್ ಅಂತ ಹೆಸರು. ಸೋವಿಯತ್ ರಷ್ಯಾದವರು 1970ರ ದಶಕದ ಶುರುವಿನಲ್ಲೇ ಇದನ್ನು ಉಪಗ್ರಹದಲ್ಲಿಟ್ಟು ಓಡಿಸಿದ್ದರು.

ತಳ್ಳುವ ಬಲವನ್ನು ಒಂದು ಸೂಕ್ಷ್ಮ ತಕ್ಕಡಿಯಲ್ಲಿ ಅಳೆದರೆ ಮುಗಿಯಿತಲ್ಲ ಸಾರ್? ಅಯಾನುಗಳ ಬೆನ್ನು ಹತ್ತಿ ಅಳೆಯುವ ರಗಳೆ ಯಾಕೆ?
(ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ)

ತಕ್ಕಡಿ ಬೇಕೇ ಬೇಕು ತಮ್ಮಾ. ಥ್ರಸ್ಟರನ್ನು ತೂಗಾಡುವ ಲೋಲಕದ ಮೇಲೆ ಕೂರಿಸಿ, ಅದು ಎಷ್ಟು ಸರಿಯಿತು ಅಂತ ನೋಡಿ ಬಲ ಕಂಡುಹಿಡಿಯುತ್ತಾರೆ. ಆದರೆ ತಕ್ಕಡಿ ಹೇಳುವುದು ಒಟ್ಟು ಮೊತ್ತ ಮಾತ್ರ. ಮನೆಗೆ ಕರೆಂಟ್ ಬಿಲ್ ಎರಡು ಸಾವಿರ ಬಂತು ಅಂದುಕೋ. ಫ್ರಿಜ್ ಕೆಟ್ಟಿದೆಯಾ, ಗೀಸರ್ ಆರಿಸಿಲ್ವಾ, ಬಿಲ್ ನೋಡಿದರೆ ಗೊತ್ತಾಗಲ್ಲ. ಒಂದೊಂದರ ಹತ್ತಿರ ಹೋಗಿ ನೋಡಬೇಕು.

ಥ್ರಸ್ಟರ್‌ನಲ್ಲಿ ಸೋರಿಕೆ ಹಲವು ಕಡೆ ಇರುತ್ತದೆ. ಹಾಕಿದ ಅನಿಲವೆಲ್ಲ ಅಯಾನು ಆಗುವುದಿಲ್ಲ. ಸ್ವಲ್ಪ ಹಾಗೇ ತಣ್ಣಗೆ ಹೊರಗೆ ಹೋಗುತ್ತದೆ, ಅದರಿಂದ ತಳ್ಳಾಟ ಇಲ್ಲ. ಕರೆಂಟಿನಲ್ಲಿ ಒಂದು ಪಾಲನ್ನು ಸುತ್ತುತ್ತಿದ್ದ ಎಲೆಕ್ಟ್ರಾನ್‌ಗಳು ಕದ್ದು ನುಸುಳಿ ತಿಂದುಬಿಡುತ್ತವೆ. ಅಯಾನು ಎಲ್ಲಿ ಹುಟ್ಟಿತು ಅನ್ನುವುದರ ಮೇಲೆ ಅದಕ್ಕೆ ಪೂರ್ತಿ ಮುನ್ನೂರು ವೋಲ್ಟ್ ಸಿಗುತ್ತದಾ, ಇಲ್ಲ ಅರ್ಧಂಬರ್ಧ ಸಿಗುತ್ತದಾ ಅನ್ನುವುದು ನಿಂತಿದೆ. ಇನ್ನು ಕೆಲವು ಅಯಾನುಗಳು ನೇರ ಹೋಗದೆ ಓರೆಯಾಗಿ ಹಾರುತ್ತವೆ. ಮೂವತ್ತು ಡಿಗ್ರಿ ಓರೆ ಹೋದ ಅಯಾನು ತನ್ನ ತಳ್ಳುವ ಶಕ್ತಿಯಲ್ಲಿ ನೂರಕ್ಕೆ ಹದಿಮೂರು ಪಾಲು ವ್ಯರ್ಥ ಮಾಡುತ್ತದೆ, ಅರವತ್ತು ಡಿಗ್ರಿ ಹೋದದ್ದು ಅರ್ಧಕ್ಕರ್ಧ. ಅಷ್ಟೇ ಅಲ್ಲ, ಓರೆ ಹೋದ ಅಯಾನು ಕಾಲುವೆಯ ಗೋಡೆಗೆ ಬಡಿದು ಅದನ್ನು ಕಣಕಣವಾಗಿ ಕೆತ್ತುತ್ತದೆ. ಗೋಡೆ ಸವೆದು ಹಿಂದಿನ ಕಾಂತದ ಭಾಗ ಹೊರಗೆ ಕಂಡಿತು ಅಂದರೆ ಎಂಜಿನ್ನಿನ ಆಯಸ್ಸು ತೀರುತ್ತಾ ಬಂತು ಅಂತಲೇ ಅರ್ಥ. ಸಾವಿರ ಗಂಟೆ ಓಡಿಸಿ ನೋಡುವುದು ಮುಖ್ಯವಾಗಿ ಈ ಸವೆತಕ್ಕೆ ಹೆದರಿ.

ಈ ಎಲ್ಲ ಕಾಯಿಲೆಗೂ ತಕ್ಕಡಿಯಲ್ಲಿ ಕಾಣುವ ಲಕ್ಷಣ ಒಂದೇ: ಬಲ ಸ್ವಲ್ಪ ಕಡಿಮೆ. ಕಾಯಿಲೆ ಯಾವುದು ಅಂತ ಗೊತ್ತಾಗಬೇಕಾದರೆ ಅಯಾನನ್ನೇ ಕೇಳಬೇಕು. ಎಷ್ಟು ಜನ ಇದ್ದೀರಿ, ಯಾವ ಕಡೆ ಹೊರಟಿರಿ, ಎಷ್ಟು ಜೋರಾಗಿ ಹೊರಟಿರಿ, ಮೈಮೇಲೆ ಎಷ್ಟು ಚಾರ್ಜು ಇದೆ. ಈ ನಾಲ್ಕು ಪ್ರಶ್ನೆಗೆ ಒಂದೇ ಉಪಕರಣ ಉತ್ತರ ಕೊಡಲ್ಲ, ತಕರಾರು ಇರುವುದೇ ಅಲ್ಲಿ.

ಅಯಾನು ಕಣ್ಣಿಗೇ ಕಾಣಲ್ಲ. ಸೆಕೆಂಡಿಗೆ 20 ಕಿ.ಮೀ. ಅಂತ ಹೇಗೆ ಹೇಳ್ತಾರೆ? ಸುಮ್ನೆ ಲೆಕ್ಕ ಹಾಕಿ ಹೇಳೋದಾ?
(ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಚಿತ್ರದುರ್ಗ)

ಈ ಸಲದ ಪತ್ರಗಳಲ್ಲಿ ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು ತಂಗಿ. ಲೆಕ್ಕ ಹಾಕಬಹುದು, ನಿನ್ನ ಪಿಯು ಪುಸ್ತಕದಲ್ಲೇ ಸೂತ್ರ ಇದೆ. ಮುನ್ನೂರು ವೋಲ್ಟ್ ದಾಟಿದ ಕ್ಸೆನಾನ್ ಅಯಾನಿನ ವೇಗ ಸೆಕೆಂಡಿಗೆ ಸುಮಾರು 21 ಕಿ.ಮೀ. ಅಂತ ಬರುತ್ತದೆ. ಆದರೆ ನಿಜವಾಗಿ ಅದಕ್ಕೆ ಮುನ್ನೂರೂ ಸಿಕ್ಕಿತಾ ಅನ್ನುವುದೇ ತಾನೇ ಪ್ರಶ್ನೆ? ಅದಕ್ಕೇ ಅಳೆಯಬೇಕು.

ಅಳೆಯುವ ಉಪಾಯ ಎಷ್ಟು ಸರಳ ಅಂದರೆ ಗೋಲಿ ಇಟ್ಟುಕೊಂಡು ನೀನೇ ಮಾಡಬಹುದು. ಒಂದು ಇಳಿಜಾರು ಹಲಗೆಯಿಂದ ನೂರು ಗೋಲಿ ಬಿಡು. ಬೇಕಂತಲೇ ಒಂದೊಂದನ್ನು ಒಂದೊಂದು ಎತ್ತರದಿಂದ ಬಿಡು, ಎತ್ತರ ಬರೆದುಕೊಳ್ಳಬೇಡ. ಕೆಳಗೆ ದಾರಿಗೆ ಅಡ್ಡವಾಗಿ ಒಂದು ದಿಬ್ಬ ಇಡು, ಆ ಕಡೆ ಒಂದು ಡಬ್ಬಿ. ದಿಬ್ಬ ಹತ್ತಿ ದಾಟುವಷ್ಟು ಕಸುವು ಇದ್ದ ಗೋಲಿ ಮಾತ್ರ ಡಬ್ಬಿಗೆ ಬೀಳುತ್ತದೆ, ಉಳಿದದ್ದು ವಾಪಸ್ ಉರುಳುತ್ತದೆ. ದಿಬ್ಬ ಹತ್ತು ಬೆರಳು ಇದ್ದಾಗ ನೂರೂ ದಾಟಿದವು ಅಂದುಕೋ. ಮತ್ತೆ ಅದೇ ಎತ್ತರಗಳಿಂದ ನೂರೂ ಬಿಡು, ದಿಬ್ಬ ಇಪ್ಪತ್ತೈದು ಬೆರಳು ಮಾಡು: ತೊಂಬತ್ತು ದಾಟಿದವು. ಇಪ್ಪತ್ತೇಳು ಮಾಡಿದಾಗ ನಲವತ್ತೇ ದಾಟಿದವು. ಮೂವತ್ತು ಮಾಡಿದಾಗ ಬರೀ ಐದು. ಈಗ ಕಳೆಯುವ ಲೆಕ್ಕ ಮಾಡು. ಇಪ್ಪತ್ತೈದಕ್ಕೂ ಇಪ್ಪತ್ತೇಳಕ್ಕೂ ನಡುವೆ ಐವತ್ತು ಗೋಲಿ ಮಾಯ. ಅಂದರೆ ಅರ್ಧದಷ್ಟು ಗೋಲಿಗಳ ಕಸುವು ಸರಿಯಾಗಿ ಅಷ್ಟೇ ಇತ್ತು. ಒಂದೇ ಒಂದು ಗೋಲಿಯ ವೇಗ ನೋಡಲಿಲ್ಲ, ಗಡಿಯಾರ ಮುಟ್ಟಲಿಲ್ಲ, ಆದರೂ ಯಾವ ಕಸುವಿನವು ಎಷ್ಟಿವೆ ಅನ್ನುವ ಪಟ್ಟಿ ಕೈಗೆ ಬಂತು!

ಅಯಾನಿಗೆ ದಿಬ್ಬ ಅಂದರೆ ವೋಲ್ಟೇಜು. ಒಂದು ಸಣ್ಣ ಕೊಳವೆ, ಅದರೊಳಗೆ ಒಂದರ ಹಿಂದೆ ಒಂದು ಸಣ್ಣ ತೂತಿನ ಜಾಲರಿಗಳು, ಸಾಣಿಗೆ ಥರ. ಒಂದು ಜಾಲರಿಗೆ ಋಣ ವೋಲ್ಟೇಜು ಕೊಟ್ಟು ಎಲೆಕ್ಟ್ರಾನ್‌ಗಳನ್ನು ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ, ಇಲ್ಲವಾದರೆ ಲೆಕ್ಕ ಕಲಸಿಹೋಗುತ್ತದೆ. ಅದರ ಹಿಂದಿನ ಜಾಲರಿಗೆ ಧನ ವೋಲ್ಟೇಜು, ಅದನ್ನು ಸೊನ್ನೆಯಿಂದ ಮೆಲ್ಲಗೆ ಏರಿಸುತ್ತಾ ಹೋಗುತ್ತಾರೆ. ಇದೇ ದಿಬ್ಬ. ಕೊನೆಗೊಂದು ಲೋಹದ ತಟ್ಟೆ, ಅದೇ ಡಬ್ಬಿ. ತಟ್ಟೆಗೆ ಬರುವ ಕರೆಂಟು ಎಷ್ಟೋ ಸಲ ಮೈಕ್ರೋಆಂಪಿಯರ್‌ನಷ್ಟು, ಇನ್ನೂ ಕಡಿಮೆ ಕೂಡ. ವೋಲ್ಟೇಜು ಏರಿದ ಹಾಗೆ ಅದು ಎಲ್ಲಿ ಥಟ್ಟನೆ ಕುಸಿಯಿತು ಅಂತ ನೋಡಿದರೆ ಹೆಚ್ಚಿನ ಅಯಾನುಗಳ ಕಸುವು ಅಲ್ಲಿದೆ ಅಂತ ಅರ್ಥ. ಹಾಲ್ ಥ್ರಸ್ಟರಿಗೆ ಮುನ್ನೂರು ವೋಲ್ಟ್ ಕೊಟ್ಟರೂ ಆ ಕುಸಿತ ಮುನ್ನೂರಕ್ಕಿಂತ ಒಂದಿಷ್ಟು ಹಿಂದೆಯೇ ಬರುತ್ತದೆ. ಆ ಕೊರತೆ ಎಷ್ಟು ಅನ್ನುವುದರಲ್ಲೇ ಎಂಜಿನ್ನಿನ ಗುಟ್ಟು ಅಡಗಿದೆ. ಲ್ಯಾಬಿನವರು ಈ ಕೊಳವೆಗೆ ಆರ್‌ಪಿಎ ಅನ್ನುತ್ತಾರೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ಚೆಂದದ ಉಪಕರಣ ಇಲ್ಲ.

ಆದರೆ ಇದಕ್ಕೂ ಒಂದು ಕುರುಡು ಇದೆ. ಅದೂ ಗೋಲಿಯಲ್ಲೇ ಗೊತ್ತಾಗುತ್ತದೆ. ಗಾಜಿನ ಗೋಲಿಯಾಗಲಿ ಕಬ್ಬಿಣದ ಗುಂಡಾಗಲಿ, ಒಂದೇ ಎತ್ತರದಿಂದ ಬಿಟ್ಟರೆ ಒಂದೇ ಎತ್ತರದ ದಿಬ್ಬ ಹತ್ತುತ್ತದೆ ಅಲ್ವಾ? ಹಾಗೇ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಅಯಾನೂ ಇರುತ್ತದೆ. ಅದಕ್ಕೆ ತಳ್ಳುವಾಗಲೂ ಎರಡು ಪಟ್ಟು, ದಿಬ್ಬದಲ್ಲಿ ತಡೆಯುವಾಗಲೂ ಎರಡು ಪಟ್ಟು. ಆರ್‌ಪಿಎಗೆ ಎರಡೂ ಒಂದೇ. ಇವನ್ನು ಬೇರ್ಪಡಿಸುವ ಉಪಾಯ 1898ರಲ್ಲಿ ಜರ್ಮನಿಯ ವಿಲ್ಹೆಲ್ಮ್ ವೀನ್ ಮಾಡಿದ್ದು. ಅಯಾನು ಹೋಗುವ ದಾರಿಯಲ್ಲಿ ಒಂದು ಪಕ್ಕಕ್ಕೆ ವಿದ್ಯುತ್ ಕ್ಷೇತ್ರ ಎಳೆಯುತ್ತದೆ, ಇನ್ನೊಂದು ಪಕ್ಕಕ್ಕೆ ಕಾಂತಕ್ಷೇತ್ರ ಎಳೆಯುತ್ತದೆ. ಕಾಂತದ ಎಳೆತ ವೇಗ ಜಾಸ್ತಿ ಆದಂತೆ ಜಾಸ್ತಿ, ವಿದ್ಯುತ್ತಿನದು ಹಾಗಲ್ಲ. ಹಾಗಾಗಿ ಒಂದೇ ಒಂದು ವೇಗದವರಿಗೆ ಎರಡೂ ಸಮ ಆಗಿ ದಾರಿ ನೇರ ಆಗುತ್ತದೆ, ಬಾಕಿಯವರೆಲ್ಲ ಗೋಡೆಗೆ. ಕಣದಲ್ಲಿ ರಾಗಿ ತೂರುವಾಗ ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ ಬೀಳುವ ಹಾಗೆ. ಎರಡು ಚಾರ್ಜಿನ ಅಯಾನು ಒಂದು ಚಾರ್ಜಿನದಕ್ಕಿಂತ 1.4 ಪಟ್ಟು ವೇಗ, ಬೇರೆಯಾಗಿ ಕಾಣುತ್ತದೆ. ಇವು ಜಾಸ್ತಿ ಇದ್ದರೆ ಎಂಜಿನ್ನಿಗೆ ಒಳ್ಳೆಯದಲ್ಲ. ಕರೆಂಟು ತಿಂದಷ್ಟು ತಳ್ಳುವುದಿಲ್ಲ, ಗೋಡೆಯನ್ನು ಕೆತ್ತುವುದರಲ್ಲಿ ಮಾತ್ರ ಮುಂದು.

ನನ್ನ ಮಗಳು ಬೇರೆ ಊರಲ್ಲಿ ಇದೇ ವಿಷಯದಲ್ಲಿ ಸಂಶೋಧನೆ ಮಾಡ್ತಿದ್ದಾಳೆ. ಫೋನ್ ಮಾಡಿದಾಗಲೆಲ್ಲ "ಫ್ಯಾರಡೆ ಪ್ರೋಬ್ ಸರಿ ಬರ್ತಿಲ್ಲಮ್ಮ" ಅಂತಾಳೆ. ಅದೇನದು? ಅಷ್ಟು ಕಷ್ಟನಾ?
(ಗೃಹಿಣಿ, ದಾವಣಗೆರೆ)

ತಾಯಿ, ಕಷ್ಟವೇ. ನೋಡುವುದಕ್ಕೆ ಮಾತ್ರ ಏನೂ ಅಲ್ಲ. ಒಂದು ರೂಪಾಯಿ ನಾಣ್ಯದಷ್ಟು ದೊಡ್ಡ ಲೋಹದ ಬಿಲ್ಲೆ, ಸುತ್ತ ಒಂದು ಉಂಗುರ, ಹಿಂದೆ ಒಂದು ತಂತಿ. ಮಳೆ ಬಂದಾಗ ಅಂಗಳದ ತುಂಬ ಡಬ್ಬಿ ಇಟ್ಟು ಎಲ್ಲಿ ಎಷ್ಟು ಬಿತ್ತು ಅಂತ ನೋಡಿದ ಹಾಗೆ, ಥ್ರಸ್ಟರಿನ ಮುಂದೆ ಸುಮಾರು ಒಂದು ಮೀಟರ್ ದೂರದಲ್ಲಿ ಈ ಬಿಲ್ಲೆಯನ್ನು ಕಮಾನಿನ ದಾರಿಯಲ್ಲಿ ಈ ತುದಿಯಿಂದ ಆ ತುದಿಗೆ ತಿರುಗಿಸುತ್ತಾರೆ. ಯಾವ ಕೋನದಲ್ಲಿ ಎಷ್ಟು ಅಯಾನು ಬಂತು ಅನ್ನುವುದು ಕರೆಂಟಿನ ರೂಪದಲ್ಲಿ ಸಿಗುತ್ತದೆ. ಎಲ್ಲ ಕೂಡಿದರೆ ಒಟ್ಟು ಅಯಾನು, ಹರಡಿದ್ದು ನೋಡಿದರೆ ಓರೆ ಎಷ್ಟು ಅನ್ನುವುದು. ಇಷ್ಟೇ ಕೆಲಸ.

ಈಗ ನಿಮ್ಮ ಮಗಳ ಸಂಕಟಕ್ಕೆ ಬರೋಣ. ಮೊದಲನೆಯದು, ಅಯಾನು ಜೋರಾಗಿ ಬಂದು ಬಿಲ್ಲೆಗೆ ಬಡಿದಾಗ ಬಿಲ್ಲೆಯಿಂದಲೇ ಎಲೆಕ್ಟ್ರಾನ್ ಸಿಡಿಯುತ್ತದೆ. ಒಂದು ಋಣ ಹೊರಗೆ ಹೋಗುವುದೂ ಒಂದು ಧನ ಒಳಗೆ ಬರುವುದೂ ಮೀಟರಿಗೆ ಒಂದೇ. ಇಲ್ಲದ ಅಯಾನು ಲೆಕ್ಕಕ್ಕೆ ಸೇರುತ್ತದೆ. ಅದಕ್ಕೆ ಎಲೆಕ್ಟ್ರಾನ್ ಸುಲಭಕ್ಕೆ ಬಿಡದ ಟಂಗ್‌ಸ್ಟನ್, ಮಾಲಿಬ್ಡಿನಂ ಥರದ ಲೋಹ ಬಳಸುತ್ತಾರೆ.

ಎರಡನೆಯದು ಇದಕ್ಕಿಂತ ತುಂಟ. ದಾವಣಗೆರೆಯವರಿಗೆ ಪಿ.ಬಿ. ರಸ್ತೆಯಲ್ಲೇ ಹೇಳುತ್ತೇನೆ. ರಸ್ತೆಯಲ್ಲಿ ಕ್ಯಾಮೆರಾ ಇದೆ, ಅದು ನಂಬರ್ ಪ್ಲೇಟ್ ಇರುವ ಬೈಕನ್ನು ಮಾತ್ರ ಲೆಕ್ಕ ಹಾಕುತ್ತದೆ. ಒಬ್ಬ ಹುಡುಗ ಭರ್ರನೆ ಬರುತ್ತಾ ತನ್ನ ಪ್ಲೇಟನ್ನು ರಸ್ತೆ ಪಕ್ಕ ನಿಂತ ಬೈಕಿಗೆ ಅಂಟಿಸಿ ಅದೇ ವೇಗದಲ್ಲಿ ಹೋಗಿಬಿಟ್ಟ. ಕ್ಯಾಮೆರಾಗೆ ಏನು ಕಂಡಿತು? ಜೋರಾಗಿ ಹೋದವನು ಇಲ್ಲವೇ ಇಲ್ಲ, ಪಕ್ಕದಲ್ಲಿ ನಿಂತ ಬೈಕ್ ಮಾತ್ರ ಇದೆ! ಅಯಾನು ಹೀಗೇ ಮಾಡುತ್ತದೆ. ನಿಧಾನವಾಗಿ ಅಲೆಯುತ್ತಿದ್ದ ಕ್ಸೆನಾನ್ ಪರಮಾಣುವಿನ ಪಕ್ಕ ಹಾದು ಹೋಗುವಾಗ ಅದರಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಂಡು ತಾನು ಮಾಮೂಲಿ ಪರಮಾಣು ಆಗಿಬಿಡುತ್ತದೆ, ಚಾರ್ಜು ನಿಂತಿದ್ದವನ ತಲೆಗೆ. ವೇಗವಾಗಿ ಹೋದದ್ದು ತಳ್ಳುವ ಕೆಲಸ ಮಾಡಿಯೇ ಹೋಯಿತು, ಆದರೆ ಬಿಲ್ಲೆಗೆ ಲೆಕ್ಕ ಸಿಗಲಿಲ್ಲ. ಹೊಸದಾಗಿ ಚಾರ್ಜು ಬಂದ ಸೋಮಾರಿ ಅಯಾನು ಪಕ್ಕಕ್ಕೆ ಸರಿದು, ಬರಬಾರದ ಕೋನದಲ್ಲಿ ಲೆಕ್ಕಕ್ಕೆ ಬಂತು. ಗ್ರಾಫಿನ ನಡುವೆ ಕಡಿಮೆ, ಎರಡೂ ರೆಕ್ಕೆಯಲ್ಲಿ ಜಾಸ್ತಿ. ಅಂತರಿಕ್ಷದಲ್ಲಿ ಇಂಥ ಸೋಮಾರಿಗಳೇ ಸುತ್ತಿ ಬಳಸಿ ಉಪಗ್ರಹದ ಸೌರ ಫಲಕದ ಮೇಲೆ ಬೀಳುತ್ತವೆ, ಅದೂ ಒಂದು ತಲೆನೋವು.

ಈ ಪ್ಲೇಟ್ ಬದಲಾವಣೆ ಎಷ್ಟು ಸಲ ಆಗುತ್ತದೆ ಅನ್ನುವುದು ಪರೀಕ್ಷೆಯ ಕೋಣೆಯಲ್ಲಿ ಎಷ್ಟು ಅನಿಲ ಉಳಿದಿದೆ ಅನ್ನುವುದರ ಮೇಲೆ. ಉಕ್ಕಿನ ದೊಡ್ಡ ಟ್ಯಾಂಕಿನಲ್ಲಿ ಗಾಳಿ ಎಳೆದು ಎಳೆದು ಹೊರಗಿನ ಒತ್ತಡದ ಏಳೆಂಟು ಕೋಟಿಯಲ್ಲಿ ಒಂದು ಪಾಲಿಗೆ ಇಳಿಸಿದರೂ ಅದು ಬಾಹ್ಯಾಕಾಶ ಅಲ್ಲ. ಥ್ರಸ್ಟರೇ ಅನಿಲ ಉಗುಳುತ್ತಿರುತ್ತದಲ್ಲ, ಪಂಪು ಎಷ್ಟು ಅಂತ ಎಳೆಯುತ್ತದೆ? ಇನ್ನೂ ಮಜಾ ಅಂದರೆ ಉಳಿದ ಅನಿಲ ಮತ್ತೆ ಥ್ರಸ್ಟರಿನ ಬಾಯಿಗೇ ನುಗ್ಗಿ ಅಯಾನು ಆಗಿ ಬಿಟ್ಟಿ ಬಲ ಕೊಡುತ್ತದೆ. ನೆಲದ ಮೇಲೆ ಮಾರ್ಕ್ಸ್ ಜಾಸ್ತಿ ಬಂದ ಎಂಜಿನ್ನು ಮೇಲೆ ಹೋದಾಗ ಅಷ್ಟು ತಳ್ಳದೇ ಇರಬಹುದು. ಕೋಣೆಯ ಒತ್ತಡ ಎಷ್ಟಿತ್ತು ಅಂತ ಬರೆಯದೆ ಬರೀ ಬಲದ ಅಂಕಿ ಕೊಟ್ಟವರ ಮಾತು ನಾನಂತೂ ನಂಬುವುದಿಲ್ಲ.

ನನ್ನದೇ ಒಂದು ಕಥೆ. ಎಂ.ಎಸ್‌ಸಿ. ಓದುವಾಗ ನಾವು ಮೂರು ದಿನ ಒಂದು ಸಣ್ಣ ಗಾಜಿನ ಕೋಣೆಯ ಗಾಳಿ ಎಳೆದೆವು. ಒತ್ತಡ ಒಂದು ಹಂತಕ್ಕೆ ಬಂದು ನಿಂತುಬಿಡುತ್ತಿತ್ತು, ಕೆಳಗೆ ಇಳಿಯಲೇ ಇಲ್ಲ. ಎಣ್ಣೆ ಬದಲಿಸಿದೆವು, ಪೈಪು ಬದಲಿಸಿದೆವು, ಒಬ್ಬರ ಮೇಲೊಬ್ಬರು ರೇಗಾಡಿದೆವು. ಕೊನೆಗೆ ನೋಡಿದರೆ ಮುಚ್ಚಳದ ರಬ್ಬರ್ ಉಂಗುರದ ಕೆಳಗೆ ಒಂದು ತಲೆಗೂದಲು. ನನ್ನದೇ ಇರಬೇಕು, ಆಗ ನನಗೆ ಕೂದಲಿತ್ತು. ಹಾಗಾಗಿ ಮಗಳು ಫೋನಿನಲ್ಲಿ ಸಿಡಿಮಿಡಿ ಮಾಡಿದರೆ ಬೇಜಾರು ಮಾಡ್ಕೋಬೇಡಿ.

ಪ್ಲಾಸ್ಮಾದೊಳಗೆ ಲೋಹದ ಕಡ್ಡಿ ತೂರಿಸಿದರೆ ಪ್ಲಾಸ್ಮಾವೇ ಬದಲಾಗುವುದಿಲ್ಲವೇ? ಅಳೆದದ್ದು ಮೊದಲು ಇದ್ದದ್ದನ್ನೋ, ಕಡ್ಡಿ ಹಾಕಿದ ಮೇಲಿನದ್ದನ್ನೋ?
(ಭೌತಶಾಸ್ತ್ರ ಉಪನ್ಯಾಸಕರು, ಹರಿಹರ)

ಸರಿಯಾದ ಜಾಗಕ್ಕೇ ಕೈ ಹಾಕಿದಿರಿ ಮೇಷ್ಟ್ರೇ. ದೂರದಲ್ಲಿ ಇಟ್ಟ ಪ್ರೋಬ್ ಪರವಾಗಿಲ್ಲ. ಕಾಲುವೆಯೊಳಗೆ, ಅಯಾನು ವೇಗ ಹಿಡಿಯುವ ಆ ಒಂದೆರಡು ಸೆಂಟಿಮೀಟರಿನಲ್ಲಿ ಕಡ್ಡಿ ಹಾಕಿದರೆ ಪ್ಲಾಸ್ಮಾ ಕದಡುತ್ತದೆ, ಕಡ್ಡಿಯೂ ಉಳಿಯಲ್ಲ. ಅಲ್ಲಿಗೆ ಬೆಳಕನ್ನೇ, ಅಂದರೆ ಲೇಸರನ್ನು ಕಳಿಸಬೇಕು.

ದಾವಣಗೆರೆ ಸ್ಟೇಷನ್ನಿನಲ್ಲಿ ನಿಂತಾಗ ರೈಲು ಹತ್ತಿರ ಬರುವಾಗ ಹಾರ್ನ್ ಕೀರಲಾಗಿಯೂ, ದಾಟಿ ಹೋದ ಮೇಲೆ ದಪ್ಪಗೂ ಕೇಳುತ್ತದೆ. ನಿಮಗೆ ಡಾಪ್ಲರ್ ಪಾಠ ನಾನು ಮಾಡಬೇಕಿಲ್ಲ, ಓಟದಿಂದ ಹಾರ್ನಿನ ಸ್ವರ ಬದಲಾದ ಹಾಗೆ ಬೆಳಕಿನ ಬಣ್ಣವೂ ಬದಲಾಗುತ್ತದೆ. ಕ್ಸೆನಾನ್ ಅಯಾನು ಸುಮಾರು 834.7 ನ್ಯಾನೋಮೀಟರಿನ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ನುಂಗಿ, 541.9 ನ್ಯಾನೋಮೀಟರಿನ ಹಸಿರು ಬೆಳಕು ಬಿಡುತ್ತದೆ. ಆದರೆ ಅದು ಲೇಸರಿನ ಎದುರು ಓಡಿ ಬರುತ್ತಿದ್ದರೆ, ಅದಕ್ಕೆ ಕಾಣುವ ಬಣ್ಣವೇ ಬೇರೆ, ಸರಿಯಾದ ಬಣ್ಣ ಕಾಣಬೇಕಾದರೆ ನಾವು ಲೇಸರನ್ನು ಸ್ವಲ್ಪ ಸರಿಸಬೇಕು. ಸೆಕೆಂಡಿಗೆ 20 ಕಿ.ಮೀ. ವೇಗಕ್ಕೆ ಸರಿಸಬೇಕಾದ್ದು ಸುಮಾರು 0.056 ನ್ಯಾನೋಮೀಟರ್, ಹದಿನೈದು ಸಾವಿರದಲ್ಲಿ ಒಂದು ಪಾಲು. ಲೇಸರಿನ ಬಣ್ಣವನ್ನು ಎಳೆ ಎಳೆಯಾಗಿ ತಿರುಗಿಸುತ್ತಾ ಹಸಿರು ಎಲ್ಲಿ ಹೊಳೆಯಿತು ಅಂತ ನೋಡಿದರೆ ಆ ಜಾಗದ ಅಯಾನುಗಳ ವೇಗ ಸಿಕ್ಕಿತು. ಲೇಸರಿನ ಚುಕ್ಕೆಯನ್ನು ಮಿಲಿಮೀಟರ್ ಮಿಲಿಮೀಟರ್ ಸರಿಸುತ್ತಾ ಹೋದರೆ ಅಯಾನು ಎಲ್ಲಿ ನಿಧಾನ ಇತ್ತು, ಎಲ್ಲಿ ಓಟ ಕಿತ್ತಿತು ಅನ್ನುವ ನಕ್ಷೆಯೇ ಸಿಗುತ್ತದೆ.

ತೊಂದರೆ ಏನೆಂದರೆ ಪ್ಲಾಸ್ಮಾ ತಾನೇ ಉರಿಯುವ ದೀಪ, ಅದರಲ್ಲೂ ಅದೇ ಹಸಿರು ಬೆರೆತಿರುತ್ತದೆ. ನಾಯಕನಹಟ್ಟಿ ಜಾತ್ರೆಯ ಗದ್ದಲದಲ್ಲಿ ಒಬ್ಬ ಮಾತ್ರ ತಾಳ ಹಿಡಿದು ಚಪ್ಪಾಳೆ ತಟ್ಟುತ್ತಿದ್ದರೆ, ಆ ತಾಳ ಗೊತ್ತಿದ್ದವನಿಗೆ ಅವನು ಸಿಗುತ್ತಾನೆ. ಹಾಗೆ ಲೇಸರನ್ನು ಒಂದು ಲಯದಲ್ಲಿ ಆರಿಸಿ ಹೊತ್ತಿಸಿ, ಅದೇ ಲಯದಲ್ಲಿ ಮಿನುಗುವ ಹಸಿರನ್ನು ಮಾತ್ರ ಹೆಕ್ಕುತ್ತಾರೆ. ಇದಕ್ಕೂ ಮಿತಿ ಇದೆ. ಆ ಬಣ್ಣವನ್ನು ನುಂಗುವ ಸ್ಥಿತಿಯಲ್ಲಿರುವ ಅಯಾನುಗಳನ್ನು ಮಾತ್ರ ಲೇಸರ್ ಮಾತಾಡಿಸುತ್ತದೆ, ಉಳಿದವು ಸುಮ್ಮನೆ ಹೋಗುತ್ತವೆ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಈ ಥ್ರಸ್ಟರ್ ಒಂದೇ ಸಮ ಉರಿಯುವ ಹಾಗೆ ಕಂಡರೂ ಒಳಗೆ ಉಸಿರಾಡುತ್ತಿರುತ್ತದೆ. ನಮ್ಮ ಚಿತ್ರದುರ್ಗದ ಕಡೆಯ ಬೋರ್‌ವೆಲ್ ನೋಡಿದವರಿಗೆ ಇದು ತಟ್ಟನೆ ಅರ್ಥ ಆಗುತ್ತದೆ. ಮೋಟರ್ ಇದ್ದ ನೀರೆಲ್ಲ ಎಳೆದುಬಿಡುತ್ತದೆ, ಪೈಪಿನಲ್ಲಿ ಬರೀ ಗಾಳಿ ಬರುತ್ತದೆ, ಸೆಲೆಯಿಂದ ನೀರು ತುಂಬಿಕೊಳ್ಳುತ್ತದೆ, ಮತ್ತೆ ನೀರು. ಇಲ್ಲೂ ಹಾಗೇ. ಕಾಲುವೆಯಲ್ಲಿ ಅನಿಲ ತುಂಬುತ್ತದೆ, ಒಮ್ಮೆಲೇ ಅಯಾನು ಆಗಿ ಹೊರಗೆ ಹೋಗುತ್ತದೆ, ಕಾಲುವೆ ಬರಿದಾಗುತ್ತದೆ, ಮತ್ತೆ ತುಂಬುತ್ತದೆ. ಸೆಕೆಂಡಿಗೆ ಹತ್ತು ಸಾವಿರದಿಂದ ಮೂವತ್ತು ಸಾವಿರ ಸಲ! ನಿಧಾನದ ಉಪಕರಣ ಅಳೆದದ್ದು ಇದೆಲ್ಲದರ ಸರಾಸರಿ. ಸರಾಸರಿಯಲ್ಲಿ ಅಯಾನಿನ ವೇಗ ಹರಡಿಕೊಂಡ ಹಾಗೆ ಕಂಡರೆ, ನಿಜವಾಗಿ ಹರಡಿತ್ತೋ ಅಥವಾ ಉಸಿರಾಟದ ಜೊತೆ ಮೇಲೆ ಕೆಳಗೆ ಹೋಗುತ್ತಿತ್ತೋ ಅಂತ ಹೇಳಲು ಆಗಲ್ಲ. ಅದಕ್ಕೆ ಉಸಿರಿನ ಲಯ ಹಿಡಿದು ಅಳೆಯುವ ಲೇಸರ್ ವಿಧಾನಗಳು ಬಂದಿವೆ. ಮೈಕ್ರೋಸೆಕೆಂಡಿನ ಲೆಕ್ಕದ ಕೆಲಸ.

ನಮ್ಮ ಚಳ್ಳಕೆರೆ ಹತ್ತಿರ ಇಸ್ರೋದವರು ಪರೀಕ್ಷೆ ಮಾಡಿದ್ದು ಇದೇ ಎಂಜಿನ್ನಾ?
(ಎಣ್ಣೆ ಮಿಲ್ ನೌಕರ, ಚಳ್ಳಕೆರೆ)

ಅಲ್ಲ. ಅದು ಪುಷ್ಪಕ್, ರೆಕ್ಕೆ ಇರುವ ವಾಹನ. ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯದಲ್ಲಿ ಅದನ್ನು ಹೆಲಿಕಾಪ್ಟರಿನಲ್ಲಿ ಸುಮಾರು ನಾಲ್ಕೂವರೆ ಕಿ.ಮೀ. ಮೇಲಕ್ಕೆ ಒಯ್ದು ಬಿಟ್ಟರು, ತಾನೇ ದಾರಿ ನೋಡಿಕೊಂಡು ರನ್‌ವೇಗೆ ಇಳಿಯಿತು. 2023ರ ಏಪ್ರಿಲ್ 2, 2024ರ ಮಾರ್ಚ್ 22, ಆಮೇಲೆ ಜೂನ್ 23, ಒಟ್ಟು ಮೂರು ಸಲ. ಪ್ಲಾಸ್ಮಾ ಥ್ರಸ್ಟರಿಗೂ ಅದಕ್ಕೂ ಸಂಬಂಧ ಇಲ್ಲ. ಥ್ರಸ್ಟರಿಗೆ ಬೇಕಾದ್ದು ಬಯಲಲ್ಲ, ಗಾಳಿ ಇಲ್ಲದ ಟ್ಯಾಂಕು.

ಕ್ಸೆನಾನೇ ಯಾಕೆ? ಅದು ದುಬಾರಿ ಅಂತಾರೆ. ಗಾಳಿಯಲ್ಲಿರುವ ಆರ್ಗಾನ್ ಆಗಲ್ವಾ?
(ಓದುಗರು, ಹೊಳಲ್ಕೆರೆ)

ಆಗುತ್ತದೆ. ಸ್ಟಾರ್‌ಲಿಂಕ್ ಉಪಗ್ರಹಗಳು ಮೊದಲು ಕ್ರಿಪ್ಟಾನ್, ಆಮೇಲೆ ಆರ್ಗಾನ್ ಬಳಸಿವೆ. ಆದರೆ ಕ್ಸೆನಾನ್ ಭಾರ, ಮತ್ತು ಅದರಿಂದ ಎಲೆಕ್ಟ್ರಾನ್ ಕೀಳುವುದು ಸುಲಭ. 12.1 ಎಲೆಕ್ಟ್ರಾನ್‌ವೋಲ್ಟ್ ಸಾಕು, ಆರ್ಗಾನಿಗೆ 15.8 ಬೇಕು. ಕರೆಂಟು ಕೀಳುವುದಕ್ಕೇ ಖರ್ಚಾದರೆ ತಳ್ಳುವುದಕ್ಕೆ ಏನು ಉಳಿಯುತ್ತದೆ?

ಮನೆಯಲ್ಲಿ ಸಣ್ಣ ಪ್ಲಾಸ್ಮಾ ಥ್ರಸ್ಟರ್ ಮಾಡೋಕೆ ಆಗುತ್ತಾ? ವಿಜ್ಞಾನ ಮೇಳಕ್ಕೆ ಬೇಕು.
(ಒಂಬತ್ತನೇ ತರಗತಿ, ಜಗಳೂರು)

ಬೇಡ ಪುಟ್ಟಾ. ಮುನ್ನೂರು ವೋಲ್ಟ್ ಜೀವ ತೆಗೆಯುತ್ತದೆ. ಪ್ಲಾಸ್ಮಾ ನೋಡಬೇಕಾದರೆ ಎಲೆಕ್ಟ್ರಿಷಿಯನ್ ಮಾಮನ ಹತ್ತಿರ ಟೆಸ್ಟರ್ ಇರುತ್ತದಲ್ಲ, ಅದರೊಳಗೆ ಕಿತ್ತಳೆ ಬಣ್ಣದಲ್ಲಿ ಹೊಳೆಯುವ ನಿಯಾನ್ ಇದೆ, ಅದೇ ಪ್ಲಾಸ್ಮಾ. ಅವರು ಹಿಡಿದು ತೋರಿಸಲಿ, ನೀನು ದೂರ ನಿಂತು ನೋಡು. ಮೇಳಕ್ಕೆ ಮೇಲೆ ಹೇಳಿದ ಗೋಲಿ ದಿಬ್ಬ ಮಾಡಿಕೊಂಡು ಹೋಗು. ದಿಬ್ಬಕ್ಕೆ ಜೇಡಿಮಣ್ಣು ಬೇಡ, ಗೋಲಿ ಕಚ್ಚಿಕೊಳ್ಳುತ್ತದೆ. ಗಟ್ಟಿ ರಟ್ಟು ಬಗ್ಗಿಸಿ ಮಾಡು, ಏರು ಇಳಿತ ನುಣುಪಾಗಿರಲಿ. ಗೋಲಿ ಬಿಡುವಾಗ ಕೈಯಿಂದ ತಳ್ಳಬೇಡ, ಸ್ಕೇಲು ಅಡ್ಡ ಹಿಡಿದು ಸ್ಕೇಲನ್ನು ಎತ್ತು.

ಕಳೆದ ಸಂಚಿಕೆಯಲ್ಲಿ ಥ್ರಸ್ಟರಿನ ಬಲ "300 ನ್ಯೂಟನ್" ಅಂತ ಅಚ್ಚಾಗಿದೆ. ಅದು ಮಿಲಿನ್ಯೂಟನ್ ಆಗಬೇಕಲ್ಲವೇ?
(ನಿವೃತ್ತ ಶಿಕ್ಷಕರು, ಹೊಸದುರ್ಗ)

ಆಗಬೇಕು ಗುರುಗಳೇ. ಮಿಲಿ ಬಿಟ್ಟುಹೋಗಿದೆ, ತಪ್ಪು ನನ್ನದೇ, ಅಚ್ಚಿನವರದ್ದಲ್ಲ. ಸಾವಿರ ಪಟ್ಟು ತಪ್ಪು. 300 ನ್ಯೂಟನ್ ಅಂದರೆ ಮೂವತ್ತು ಕೆಜಿ ಮೂಟೆಯ ತೂಕ. ಇದೇ ಥ್ರಸ್ಟರಿನ ಲೆಕ್ಕದಲ್ಲಿ ಅಷ್ಟು ಬಲಕ್ಕೆ 5,400 ಕಿಲೋವ್ಯಾಟ್ ಬೇಕು. ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳಲ್ಲಿ ಹಲವನ್ನು ಕಿತ್ತು ಉಪಗ್ರಹಕ್ಕೆ ಕಟ್ಟಿ ಕಳಿಸಬೇಕಾಗುತ್ತಿತ್ತು, ಅಲ್ಲಿ ಗಾಳಿ ಇಲ್ಲ ಅನ್ನುವುದು ಬೇರೆ ಮಾತು.